ಬೂದಿ ಕೋಟು, ಹಳದಿ ಅಸ್ತರ

ಹೊಟ್ಟೆಕಿಚ್ಚು ಯಾರಿಗಿಲ್ಲ? ಆದರೆ ಹೇಳಿಕೊಳ್ಳುವಂಥ ಹೊಟ್ಟೆಕಿಚ್ಚು ಬೇರೆ, ಹೇಳಿಕೊಳ್ಳಲಾಗದ್ದು ಬೇರೆ. ಷಡ್ಡಕನಿಗೆ ಬಡ್ತಿ ಬಂತೆಂದೋ, ಪಕ್ಕದ ಮನೆಯವನು ಮಾಳಿಗೆ ಕಟ್ಟಿಸಿದನೆಂದೋ ಹೊಟ್ಟೆ ಉರಿದುಕೊಂಡರೆ ಜನ ಅರ್ಥ ಮಾಡಿಕೊಳ್ಳುತ್ತಾರೆ. ನಾನು ಹನ್ನೆರಡು ವರ್ಷ ಹೊಟ್ಟೆ ಉರಿದುಕೊಂಡದ್ದು ನಮ್ಮ ಹೈಸ್ಕೂಲಿನ ಹೊಲಿಗೆ ಟೀಚರ ಮೇಲೆ, ಅದೂ ಒಂದು ಗೇಣುದ್ದದ ಹಕ್ಕಿಯ ಸಲುವಾಗಿ. ಹೋದ ಭಾನುವಾರ ಕೊಟ್ಟೂರಿಗೆ ಅವರ ಮನೆಗೆ ಹೋಗಿ ಬಂದೆ. ಅವರು ತೀರಿಕೊಂಡು ಹನ್ನೊಂದು ದಿನವಾಗಿತ್ತು.

ನಾನು ಹಗರಿಬೊಮ್ಮನಹಳ್ಳಿಯಲ್ಲಿ ವಿಜ್ಞಾನದ ಮಾಸ್ತರ. ಮೊದಲಿನಿಂದಲೂ ಹಕ್ಕಿಗಳ ಹುಚ್ಚು. ಕೊರಳಲ್ಲಿ ದುರ್ಬೀನು, ಕಂಕುಳಲ್ಲಿ ಚಿತ್ರಗಳ ದಪ್ಪ ಪುಸ್ತಕ, ಬೆಳಿಗ್ಗೆ ಸೈಕಲ್ ಏರಿ ಕೆರೆಯ ಕಡೆ ಸವಾರಿ. ಜಿಲ್ಲಾ ಪತ್ರಿಕೆಯ ವಾಚಕರ ಪುಟದಲ್ಲಿ ವರ್ಷಕ್ಕೆರಡು ಸಲ ನನ್ನ ಪತ್ರ ಬರುತ್ತಿತ್ತು. ಸಂತೆಯಲ್ಲಿ ಜನ ನನ್ನನ್ನು ಹಕ್ಕಿ ಮಾಸ್ತರ ಎಂದು ಗುರುತಿಸುತ್ತಿದ್ದರು. ಗುರುತಿಸಿದಾಗ ಕೇಳಿಸದವನಂತೆ ನಡೆದು, ನಾಲ್ಕು ಹೆಜ್ಜೆ ಮುಂದೆ ಹೋಗಿ ಖುಷಿಪಡುತ್ತಿದ್ದೆ.

ತೊಂಬತ್ತಮೂರರಲ್ಲಿ ನಾನೇ ಒಂದು ಪದ್ಧತಿ ಶುರು ಮಾಡಿದೆ. ಗಣಪತಿ ಹಬ್ಬದ ಹಿಂದೆಮುಂದೆ ಹಿಮಾಲಯದ ಕಡೆಯಿಂದ ನಮ್ಮ ಸೀಮೆಗೆ ಎಲ್ಲರಿಗಿಂತ ಮೊದಲು ಬಂದಿಳಿಯುವುದು ಬೂದು ಸಿಪಿಲೆ. ಕೆರೆ ಕೋಡಿ, ಬಾವಿ ಮೆಟ್ಟಿಲು, ಬಚ್ಚಲ ನೀರು ಹರಿಯುವ ಗಟಾರ, ಎಲ್ಲಿ ತುಸು ತೇವವಿದೆಯೋ ಅಲ್ಲಿ ಬಾಲ ಕುಣಿಸುತ್ತ ಓಡಾಡುವ ಪುಟ್ಟ ಹಕ್ಕಿ. ಅದು ಬಂತೆಂದರೆ ಚಳಿಗಾಲದ ಅತಿಥಿಗಳ ಸಾಲು ಶುರುವಾಯಿತೆಂದೇ ಲೆಕ್ಕ. ಸ್ಟಾಫ್ ರೂಮಿನ ಹೊರಗಿದ್ದ ಹಳೇ ಕರಿಹಲಗೆಗೆ ಹೊಸ ಬಣ್ಣ ಬಳಿಸಿ, ‘ಈ ವರ್ಷದ ಮೊದಲ ಅತಿಥಿ. ಕಂಡವರು:’ ಎಂದು ಬರೆದು ಮುಂದಿನ ಜಾಗ ಖಾಲಿ ಬಿಟ್ಟೆ. ಮೊದಲು ಕಂಡವರ ಹೆಸರನ್ನು ದೀಪಾವಳಿಯವರೆಗೆ ಯಾರೂ ಒರೆಸುವಂತಿಲ್ಲ. ಅವರಿಗೆ ಉಳಿದವರೆಲ್ಲ ಸೇರಿ ಮಂಡಕ್ಕಿ, ಮಿರ್ಚಿ ತಿನ್ನಿಸಬೇಕು. ಪದ್ಧತಿ ಎಲ್ಲರಿಗೂ ಹಿಡಿಸಿತು. ಆ ಖಾಲಿ ಜಾಗದಲ್ಲಿ ಯಾರ ಹೆಸರು ಬರಬೇಕೆಂದು ನಾನು ಮನಸ್ಸಿನಲ್ಲೇ ಆಗಲೇ ಬರೆದಾಗಿತ್ತು.

ಹದಿನಾಲ್ಕು ದಿನ ಬೆಳಿಗ್ಗೆ ಆರಕ್ಕೆ ಕೆರೆಗೆ ಹೋದೆ. ಕೋಡಿಯ ಕಲ್ಲುಗಳನ್ನೆಲ್ಲ ಒಂದೊಂದಾಗಿ ದುರ್ಬೀನಿನಲ್ಲಿ ನೋಡಿದೆ. ಹದಿನೈದನೆಯ ದಿನ ಪ್ರಾರ್ಥನೆಗೆ ಮುಂಚೆ ಕೊಟ್ಟೂರು ಬಸ್ಸಿನಿಂದಿಳಿದು ಬಂದ ಹೊಲಿಗೆ ಟೀಚರು ಕೈಚೀಲ ಕೆಳಗಿಡುತ್ತ ನನ್ನನ್ನು ಕೇಳಿದರು: “ಸರ್, ಬೂದಿ ಬಣ್ಣದ ಕೋಟು, ಒಳಗ ಹಳದಿ ಅಸ್ತರ, ಬಾಲ ಒಂದ ಸಮ ಮ್ಯಾಲ ಕೆಳಗ ಮಾಡತೈತಿ. ಯಾವ ಹಕ್ಕಿರಿ ಅದು? ನಮ್ಮ ಹಿತ್ತಲ ಗ್ವಾಡಿ ಮ್ಯಾಲೆ ಬಂದಿತ್ತು.”

ಪುಸ್ತಕ ತೆಗೆಯುವ ಅಗತ್ಯವೇ ಇರಲಿಲ್ಲ. ಆದರೂ ತೆಗೆದೆ, ಬೇರೆ ಯಾವುದಾದರೂ ಹಕ್ಕಿ ಆಗಿರಲಿ ಎಂಬ ಆಸೆಯಿಂದ. ಆಗಿರಲಿಲ್ಲ. ಹೆಡ್‌ಮಾಸ್ತರರು ಸುಣ್ಣದ ಕಡ್ಡಿಯನ್ನು ನನ್ನ ಕೈಗೇ ಕೊಟ್ಟರು. ನಾನು ಅವರ ಹೆಸರು ಬರೆಯಲಿಲ್ಲ, ‘ಹೊಲಿಗೆ ಟೀಚರು’ ಎಂದಷ್ಟೇ ಬರೆದೆ. ಅದೂ ಒಂದು ಸಣ್ಣತನ. ಇಲ್ಲಿಯೂ ಹೆಸರು ಬರೆಯುತ್ತಿಲ್ಲ, ಆದರೆ ಈಗಿನ ಕಾರಣ ಬೇರೆ. ಪೇಪರಿನಲ್ಲಿ ಹೆಸರು ಬರುವುದೆಂದರೆ ಅವರಿಗೆ ಮೊದಲಿನಿಂದಲೂ ಆಗುತ್ತಿರಲಿಲ್ಲ.

ಅವರಲ್ಲಿ ನೋಡಲು ಏನೂ ವಿಶೇಷವಿರಲಿಲ್ಲ. ಗಿಡ್ಡನೆಯ ಆಳು, ಎಣ್ಣೆ ಹಚ್ಚಿ ಬಿಗಿದ ತುರುಬು, ಕೊರಳಲ್ಲಿ ಅಳತೆಯ ಟೇಪು. ಜಂಪರಿನ ಭುಜದ ಮೇಲೆ ಸದಾ ದಾರ ಪೋಣಿಸಿದ ಒಂದು ಸೂಜಿ. ಮದುವೆಯಾಗಿರಲಿಲ್ಲ. ಗಂಡನನ್ನು ಕಳೆದುಕೊಂಡ ತಂಗಿಯ ಜೊತೆ ಕೊಟ್ಟೂರಿನಲ್ಲಿದ್ದರು. ಅವರ ತಾಯಿ ಕೆರೆಯಂಗಳದಲ್ಲಿ ಹುಲ್ಲು ಕೊಯ್ದು ಮಾರಿ ಇಬ್ಬರು ಹೆಣ್ಣುಮಕ್ಕಳನ್ನು ಓದಿಸಿದವರಂತೆ. ಆ ಮನೆಯಲ್ಲಿ ಸರಕಾರಿ ಸಂಬಳ ಕಂಡ ಮೊದಲನೆಯವರು ಇವರೇ. ಹೆಣ್ಣುಮಕ್ಕಳಿಗೆ ಗುಂಡಿಯ ಕಾಜಾ ಹೊಲಿಯುವುದನ್ನು ಕಲಿಸುವಾಗ ಇಡೀ ತರಗತಿಯ ನಲವತ್ತು ಬಟ್ಟೆಗಳ ಮೇಲೆ ಒಂದೇ ಸಲ ಕಣ್ಣು ಹಾಯಿಸಿ, ಮೂರನೇ ಸಾಲಿನವಳ ಟಾಕಾ ತಪ್ಪಿದೆ ಎನ್ನುತ್ತಿದ್ದರು. ಹೋಗಿ ನೋಡಿದರೆ ತಪ್ಪಿರುತ್ತಿತ್ತು.

ಹಕ್ಕಿಗಳನ್ನೂ ಅವರು ಬಟ್ಟೆಯ ಹಾಗೆಯೇ ನೋಡುತ್ತಿದ್ದರು. ಒಂದು ವರ್ಷ ಸಜ್ಜೆ ತೆನೆ ಕಟ್ಟುವ ಹೊತ್ತಿಗೆ, ಕರಿ ಮುಸುಕು ಹೊದ್ದ ಗುಲಾಬಿ ಹಕ್ಕಿಗಳ ಹಿಂಡು ಬಂದಿದೆ, ಆದರೆ ಬಣ್ಣ ಒಗೆದು ಒಗೆದು ಹೋದಂತಿದೆ ಎಂದರು. ಗುಲಾಬಿ ಕಬ್ಬಕ್ಕಿ. ಇನ್ನೊಂದು ವರ್ಷ ಬಸ್ಸು ಕೋಗಳಿ ದಾಟಿದ ಮೇಲೆ ಬಿಳಿ ಅಂಗಿಯ ಹದ್ದಿನಂಥದೊಂದು ಹೊಲದ ಮೇಲೆ ತೇಲುತ್ತಿತ್ತು, ರೆಕ್ಕೆಯ ತುದಿ ಮಾತ್ರ ಮಸಿಯಲ್ಲಿ ಅದ್ದಿದಂತಿತ್ತು ಎಂದರು. ಅದು ಬಿಳಿ ಸೆಳೆವ. ನಾನು ಹತ್ತು ವರ್ಷದಿಂದ ಹುಡುಕುತ್ತಿದ್ದ ಹಕ್ಕಿ. ಅವರು ಅದನ್ನು ಬಸ್ಸಿನ ಕಿಟಕಿಯಿಂದ, ಮೊಣಕಾಲ ಮೇಲೆ ಊಟದ ಡಬ್ಬಿ ಇಟ್ಟುಕೊಂಡು ನೋಡಿದ್ದರು. ಆ ದಿನ ಮಧ್ಯಾಹ್ನ ನನಗೆ ಊಟ ಸೇರಲಿಲ್ಲ.

ಬಸ್ಸಿನಲ್ಲೇ ಏನೋ ಇದೆ ಎಂದು ನನ್ನ ತಲೆಗೆ ಹೊಕ್ಕಿತು. ಒಂದು ಸೋಮವಾರ ಮೊದಲ ಬಸ್ಸಿಗೆ ಕೊಟ್ಟೂರಿಗೆ ಹೋಗಿ, ಅವರು ಬರುವ ಬಸ್ಸಿಗೇ ತಿರುಗಿ ಹತ್ತಿ, ಅವರು ದಿನಾಲೂ ಕೂರುವ ಎಡಗಡೆಯ ಮೂರನೇ ಕಿಟಕಿಯನ್ನು ಹಿಡಿದು ಕೂತೆ. ಅವರು ಬಂದು ನೋಡಿ ನಕ್ಕು, ಬಲಗಡೆ ಒಬ್ಬ ಮುದುಕ ಮತ್ತು ಆತನ ಮಗಳ ಪಕ್ಕ ಅಂಚಿನಲ್ಲಿ ಕೂತರು. ಹಗರಿಬೊಮ್ಮನಹಳ್ಳಿಯವರೆಗೂ ನಾನು ಕಣ್ಣು ಮಿಟುಕಿಸದೆ ನೋಡಿದೆ. ಎಕ್ಕದ ಗಿಡ, ಜಾಲಿ, ವಿದ್ಯುತ್ ತಂತಿ, ಮತ್ತೆ ಎಕ್ಕದ ಗಿಡ. ಇಳಿದ ಮೇಲೆ, ನೋಡಿದಿರಾ ಸರ್, ಬಲಗಡೆ ಎರಡಿದ್ದವಲ್ಲ ಎಂದು ಕೇಳಿದರು. ಇಬ್ಬರು ಪ್ರಯಾಣಿಕರ ತಲೆಗಳ ನಡುವಿನ ಸಂದಿಯಲ್ಲಿ ಅವರಿಗೆ ಎರಡು ಸೆಳೆವ ಕಂಡಿದ್ದವು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ, ನಾನು ಆ ದಿನ ಸ್ಟಾಫ್ ರೂಮಿನಲ್ಲಿ ಬಸ್ಸಿನ ಕಿಟಕಿಯ ಗಾಜು ಕೊಳೆಯಾಗಿತ್ತು ಎಂದು ಹೇಳಿಕೊಂಡು ತಿರುಗಿದೆ.

ಒಮ್ಮೆ ನಾಚಿಕೆ ಬಿಟ್ಟು ಕೇಳಿಯೇಬಿಟ್ಟೆ, ಹೇಗೆ ಹುಡುಕುತ್ತೀರಿ ಎಂದು.

“ಹುಡುಕಂಗಿಲ್ರಿ ಸರ್” ಎಂದರು. “ನಿನ್ನಿ ಇಲ್ಲದ್ದು ಇವತ್ತೇನೈತಿ ಅಂತ ಅಷ್ಟ ನೋಡ್ತೀನಿ.”

ಇನ್ನೊಂದು ಅಭ್ಯಾಸ ಅವರದಿತ್ತು. ಹಕ್ಕಿ ಕಂಡರೆ ಬೆರಳು ಮಾಡುತ್ತಿರಲಿಲ್ಲ. ನೇರ ನೋಡುತ್ತಲೂ ಇರಲಿಲ್ಲ. ಮುಖ ಬೇರೆ ಕಡೆ ತಿರುಗಿಸಿ ಗದ್ದವನ್ನು ಎಳ್ಳಷ್ಟು ಎತ್ತುತ್ತಿದ್ದರು, ಅಷ್ಟೇ. ದಿಟ್ಟಿಸಿ ನೋಡಿದರೆ ಅವಕ್ಕೆ ಗೊತ್ತಾಗುತ್ತದೆ ಎಂದು ತಾಯಿ ಹೇಳಿಕೊಟ್ಟಿದ್ದರಂತೆ. ನಾನು ಗಡಬಡಿಸಿ ದುರ್ಬೀನು ಎತ್ತುವಷ್ಟರಲ್ಲಿ ಹಕ್ಕಿ ಹಾರಿಹೋಗಿರುತ್ತಿತ್ತು. ಹೀಗೆ ನಾಲ್ಕು ವರ್ಷ. ನಾಲ್ಕು ವರ್ಷವೂ ಹಲಗೆಯ ಮೇಲೆ ಹೊಲಿಗೆ ಟೀಚರು, ನಾಲ್ಕು ವರ್ಷವೂ ಅವರ ಮುಂದೆ ಮಿರ್ಚಿಯ ತಟ್ಟೆ. ಅವರು ಅದನ್ನು ಮೊದಲು ನನ್ನ ಕಡೆಗೇ ಸರಿಸುತ್ತಿದ್ದರು. ಅದರಿಂದ ನನಗೆ ಇನ್ನಷ್ಟು ಖಾರ ಹತ್ತುತ್ತಿತ್ತು.

ಹರಪನಹಳ್ಳಿ ದಾವಣಗೆರೆಗೆ ಸೇರಿದ ವರ್ಷ ಅದು, ತೊಂಬತ್ತೇಳು. ಆ ಸಲ ಗೆಲ್ಲಲೇಬೇಕೆಂದು ಶ್ರಾವಣದ ಕೊನೆಯಿಂದಲೇ ಕೆರೆ ಕಾಯುತ್ತಿದ್ದೆ. ಹಕ್ಕಿಯ ಸುಳಿವಿಲ್ಲ. ಸೆಪ್ಟೆಂಬರ್ ಮೊದಲ ವಾರ ಹೊಲಿಗೆ ಟೀಚರು ತಂಗಿಗೆ ಹುಷಾರಿಲ್ಲವೆಂದು ರಜೆ ಹಾಕಿದ್ದರು. ಐದನೇ ತಾರೀಕು ಶಿಕ್ಷಕರ ದಿನಾಚರಣೆ. ಮಕ್ಕಳು ಕೊಟ್ಟ ಗುಲಾಬಿಯನ್ನು ಜೇಬಿಗೆ ಸಿಕ್ಕಿಸಿಕೊಂಡು ಹಲಗೆಯ ಮುಂದೆ ನಿಂತಿದ್ದೆ. ಹಬ್ಬದ ರಜೆ ಮುಗಿಸಿ ಸೋಮವಾರ ಅವರು ಬರುತ್ತಾರೆ, ಬರುವಾಗ ಹಕ್ಕಿಯ ಸುದ್ದಿ ತಂದೇ ತರುತ್ತಾರೆ ಎಂಬ ಯೋಚನೆ ಬಂತು. ಸುಣ್ಣದ ಕಡ್ಡಿ ತೆಗೆದುಕೊಂಡು ನನ್ನ ಹೆಸರು ಬರೆದೆ. ಹೆಸರಿನ ಮುಂದೆ ಬಿ.ಎಸ್ಸಿ., ಬಿ.ಎಡ್. ಎಂದೂ ಬರೆದೆ. ಮಕ್ಕಳು ಚಪ್ಪಾಳೆ ತಟ್ಟಿದರು.

ಸೋಮವಾರ ಟೀಚರು ಬಂದರು. ಹಲಗೆ ಓದಿದರು. ಒಂದು ಗಳಿಗೆ ಅಲ್ಲೇ ನಿಂತಿದ್ದು, ಆಮೇಲೆ ಒಳಗೆ ಬಂದು ಕೈಚೀಲದಿಂದ ಶೇಂಗಾ ಹೋಳಿಗೆಯ ಡಬ್ಬಿ ತೆಗೆದು ನನ್ನ ಮೇಜಿನ ಮೇಲಿಟ್ಟು, ಅಂತೂ ಸಿಕ್ಕಿತಲ್ಲ ಸರ್ ಎಂದು ಖುಷಿಪಟ್ಟರು. ಎಲ್ಲಿ ಕಂಡಿತೆಂದು ಕೇಳಿದರು. ಕೆರೆ ಕೋಡಿಯ ಹತ್ತಿರ ಎಂದೆ. ಕೊರಳು ಹೇಗಿತ್ತೆಂದು ಕೇಳಿದರು. ನಾನು ಪುಸ್ತಕದ ಚಿತ್ರವನ್ನು ಕಣ್ಣ ಮುಂದೆ ತಂದುಕೊಂಡೆ. ಅದರಲ್ಲಿ ಗಂಡು ಹಕ್ಕಿಯ ಕೊರಳು ಇದ್ದಿಲಿನಂತಿತ್ತು.

“ಅಚ್ಚ ಕಪ್ಪು” ಎಂದೆ. “ಗಂಡು ಅದು.”

“ಹೌದ್ರಿ?” ಎಂದರು ಟೀಚರು. ಭುಜದ ಸೂಜಿ ತೆಗೆದು, ಯಾರದೋ ಅಂಗಿಯ ಗುಂಡಿ ಹಚ್ಚಲು ಕೂತರು. ಮತ್ತೆ ಆ ಮಾತು ಎತ್ತಲಿಲ್ಲ.

ಮುಂದಿನ ಮಾರ್ಚಿನಲ್ಲಿ, ಪರೀಕ್ಷೆಗಳು ಹತ್ತಿರ ಬಂದಿದ್ದಾಗ, ಶಾಲೆಯ ನೀರಿನ ತೊಟ್ಟಿಯ ಬಳಿ ಟೀಚರು ನನ್ನನ್ನು ಕರೆದು ಗದ್ದ ಎತ್ತಿದರು. ತೊಟ್ಟಿಯಿಂದ ಸೋರಿದ ನೀರು ಹರಿಯುವಲ್ಲಿ ಬೂದು ಸಿಪಿಲೆಯೊಂದು ಓಡಾಡುತ್ತಿತ್ತು. ಅದರ ಕೊರಳು ಕಪ್ಪಗಿತ್ತು.

“ಹೊಂಟೈತಿ ನೋಡ್ರಿ ಸರ್” ಎಂದರು. “ಬರೂ ಮುಂದ ಕೊರಳು ಬೆಳ್ಳಗಿರತೈತಿ. ಹೋಗೂ ಮುಂದಷ್ಟ ಗಂಡು ಹಿಂಗ ಕಪ್ಪ ಹಚ್ಚಿಗೊಂಡು ಹೋಗತೈತಿ.”

ನಾನು ದುರ್ಬೀನು ಎತ್ತಿ ಬಹಳ ಹೊತ್ತು ಇಳಿಸಲೇ ಇಲ್ಲ. ಇಳಿಸಿದರೆ ಅವರ ಮುಖ ನೋಡಬೇಕಿತ್ತು. ಕೊನೆಗೆ ನೋಡಿದೆ. ಅಣಕ ಇರಲಿಲ್ಲ, ಗೆದ್ದೆನೆಂಬ ಭಾವವೂ ಇರಲಿಲ್ಲ. ಹಕ್ಕಿ ತೋರಿಸಿದವರ ಮುಖ ಹೇಗಿರುತ್ತದೋ ಹಾಗೇ ಇತ್ತು. ಮನೆಗೆ ಹೋಗಿ ಪುಸ್ತಕ ತೆಗೆದೆ. ಚಿತ್ರದ ಕೆಳಗೆ ಸಣ್ಣ ಅಕ್ಷರದಲ್ಲಿ ಬೇಸಿಗೆಯ ಗರಿ ಎಂದಿತ್ತು. ಹತ್ತು ವರ್ಷ ಆ ಪುಟ ತೆರೆದವನು ಆ ಅಕ್ಷರ ಓದಿರಲಿಲ್ಲ.

ಹಾಗಾದರೆ ಸೆಪ್ಟೆಂಬರಿನಲ್ಲೇ ಅವರಿಗೆ ಗೊತ್ತಾಗಿತ್ತು, ನಾನು ಸುಳ್ಳು ಬರೆದೆನೆಂದು. ಮಕ್ಕಳೆದುರು, ಶಿಕ್ಷಕರ ದಿನದಂದು, ಹಕ್ಕಿ ಮಾಸ್ತರ ಹಕ್ಕಿಯ ಬಗ್ಗೆಯೇ ಸುಳ್ಳು ಬರೆದ. ಈ ಸಂಗತಿ ಹೊರಗೆ ಬಂದರೆ ನನ್ನ ಮಾತಿಗೆ ಆ ಶಾಲೆಯಲ್ಲಿ ಕವಡೆ ಕಿಮ್ಮತ್ತೂ ಉಳಿಯುತ್ತಿರಲಿಲ್ಲ. ಏಪ್ರಿಲ್, ಮೇ, ಜೂನ್, ಯಾರಾದರೂ ಪಿಸುಗುಟ್ಟಿದರೆ ನನ್ನ ಬಗ್ಗೆಯೇ ಎಂದು ಹೆದರುತ್ತಿದ್ದೆ. ಏನೂ ಆಗಲಿಲ್ಲ. ಅವರು ಯಾರಿಗೂ ಹೇಳಿರಲಿಲ್ಲ. ನನಗೆ ಕೃತಜ್ಞತೆ ಹುಟ್ಟಬೇಕಿತ್ತು. ಹುಟ್ಟಿದ್ದು ಸಿಟ್ಟು. ಕಣ್ಣೂ ಅವರದೇ, ದೊಡ್ಡತನವೂ ಅವರದೇ ಆದರೆ ನನಗೇನು ಉಳಿಯಿತು?

ಆಮೇಲೆ ನಾನು ಸುಳ್ಳಿನ ಹತ್ತಿರ ಸುಳಿಯಲಿಲ್ಲ. ಐದಕ್ಕೇ ಎದ್ದೆ. ತೊಂಬತ್ತೆಂಟರ ಸೆಪ್ಟೆಂಬರ್ ಹದಿನೆಂಟಕ್ಕೆ ಕೋಡಿಯ ಕಲ್ಲಿನ ಮೇಲೆ, ಬಿಳಿ ಕೊರಳಿನ ನಿಜವಾದ ಬೂದು ಸಿಪಿಲೆಯನ್ನು ನಿಜವಾಗಿ ಕಂಡೆ. ಶಾಲೆಗೆ ಓಡಿದೆ. ಟೀಚರು ಇನ್ನೂ ಕಂಡಿರಲಿಲ್ಲ. ಆ ದಿನ ತಿಂದ ಮಿರ್ಚಿಯ ರುಚಿ ನಾಲಿಗೆಯಿಂದ ಹೋಗಲು ವಾರ ಹಿಡಿಯಿತು. ಮರುವರ್ಷವೂ ನಾನೇ. ಅದರ ಮರುವರ್ಷವೂ ನಾನೇ. ಅವರು ನಿವೃತ್ತರಾಗುವವರೆಗೆ ಸಾಲಾಗಿ ಆರು ವರ್ಷ ನಾನೇ ಗೆದ್ದೆ. ಅದೃಷ್ಟ ತಿರುಗಿತೆಂದು ತಿಳಿದೆ. ಅವರನ್ನು ಕಿಚಾಯಿಸಲೂ ಶುರು ಮಾಡಿದೆ, ಟೀಚರ ಬಸ್ಸಿಗೆ ಈಗ ಕಿಟಕಿಗಳೇ ಇಲ್ಲವೇನೋ ಎಂದು. ಅವರು ನಕ್ಕು, ವಯಸ್ಸಾಯಿತು ಸರ್, ಕಣ್ಣು ಮಂಜಾಗಿವೆ ಎನ್ನುತ್ತಿದ್ದರು. ಎನ್ನುತ್ತಲೇ ಎಲ್ಲಕ್ಕಿಂತ ಸಣ್ಣ ಸೂಜಿಗೆ, ಕನ್ನಡಕವಿಲ್ಲದೆ, ಒಂದೇ ಸಲಕ್ಕೆ ದಾರ ಪೋಣಿಸುತ್ತಿದ್ದರು. ಅದನ್ನು ನಾನು ನೋಡಿದ್ದೇನೆ. ನೋಡಿಯೂ ನನಗೇನೂ ಹೊಳೆಯಲಿಲ್ಲ.

ಬೀಳ್ಕೊಡುಗೆ ಸಭೆಯಲ್ಲಿ ನಾನು ಮಾತಾಡಿದೆ. ಶಿಸ್ತು, ಸಮಯಪಾಲನೆ, ಹೊಲಿಗೆಯ ನಾಜೂಕು, ಎಲ್ಲ ಹೇಳಿದೆ. ಹಕ್ಕಿಯ ವಿಷಯ ಮಾತ್ರ ಎತ್ತಲಿಲ್ಲ. ಅವರು ಉತ್ತರವಾಗಿ ಎರಡೇ ಮಾತಾಡಿದರು. ಅದರಲ್ಲಿ ಒಂದು, ನಮ್ಮ ಸರ್ ಇರುವುದರಿಂದ ಈ ಶಾಲೆಯ ಮಕ್ಕಳು ಮೇಲೆ ನೋಡುವುದನ್ನು ಕಲಿತರು ಎಂಬುದು. ಸಭೆ ನನ್ನ ಕಡೆ ತಿರುಗಿ ಚಪ್ಪಾಳೆ ತಟ್ಟಿತು. ಅವರ ಬೀಳ್ಕೊಡುಗೆಯಲ್ಲಿ ಚಪ್ಪಾಳೆ ನನಗೆ ಬಿತ್ತು. ಹಿಗ್ಗಿದೆ ಎಂದರೆ ಸುಳ್ಳಲ್ಲ.

ನಿವೃತ್ತಿಯ ಮರುವರ್ಷ ಅವರು ಹೋದ ಸುದ್ದಿ ನನಗೆ ತಡವಾಗಿ ತಿಳಿಯಿತು. ಭಾನುವಾರ ಬೆಳಿಗ್ಗೆ ಅಭ್ಯಾಸದಂತೆ ಕೆರೆಗೆ ಹೋಗಿ, ಅಲ್ಲಿಂದ ಹಾಗೇ ಬಸ್ ಹತ್ತಿ ಕೊಟ್ಟೂರಿಗೆ ಹೋದೆ. ಹನ್ನೆರಡು ವರ್ಷದ ಪರಿಚಯದಲ್ಲಿ ಅವರ ಮನೆ ನೋಡಿದ್ದು ಅದೇ ಮೊದಲು. ಸಣ್ಣ ಪಡಸಾಲೆ, ಗೋಡೆಯಲ್ಲಿ ಬುದ್ಧನ ಪಟ, ಅದರ ಕೆಳಗೆ ಮುಚ್ಚಿಟ್ಟ ಹೊಲಿಗೆ ಯಂತ್ರ. ತಂಗಿ ಚಾ ಮಾಡಿಕೊಟ್ಟರು. ಎರಡೇ ದಿನದ ಜ್ವರ, ಹೆಚ್ಚು ನರಳಲಿಲ್ಲ ಎಂದರು. ಅಕ್ಕ ನಿಮ್ಮ ವಿಷಯ ಬಹಳ ಹೇಳುತ್ತಿದ್ದಳು ಎಂದರು. ಏನು ಹೇಳುತ್ತಿದ್ದರೆಂದು ಕೇಳಲು ನನಗೆ ಧೈರ್ಯವಾಗಲಿಲ್ಲ.

ತಂಗಿಯೇ ಎದ್ದು ಹಿತ್ತಲ ಬಾಗಿಲ ಪಕ್ಕದ ಮೊಳೆಯಿಂದ ಕ್ಯಾಲೆಂಡರುಗಳ ಕಟ್ಟು ತಂದರು. ನಮ್ಮ ಮನೆಗಳಲ್ಲಿ ಹಳೆಯದನ್ನು ಎಸೆಯುವುದಿಲ್ಲ, ಅದರ ಮೇಲೇ ಹೊಸದನ್ನು ತೂಗುಹಾಕುತ್ತೇವೆ. ಪ್ರತಿ ವರ್ಷದ ಸೆಪ್ಟೆಂಬರ್ ಹಾಳೆಯಲ್ಲಿ ಒಂದೊಂದು ತಾರೀಕಿನ ಮೇಲೆ ಪೆನ್ಸಿಲ್ಲಿನಲ್ಲಿ ಸಣ್ಣ ಕತ್ತರಿ ಗುರುತು ಇತ್ತು. ತೊಂಬತ್ತೆಂಟರಲ್ಲಿ ಗುರುತು ಒಂಬತ್ತರ ಮೇಲೆ. ನಾನು ಕಂಡದ್ದು ಹದಿನೆಂಟಕ್ಕೆ. ಮುಂದಿನದು ಹನ್ನೊಂದರ ಮೇಲೆ. ನನ್ನದು ಹದಿನಾರು. ಒಂದೊಂದಾಗಿ ಮಗುಚುತ್ತ ಹೋದೆ. ಆರು ವರ್ಷದಲ್ಲಿ ಒಂದು ವರ್ಷವೂ ನಾನು ಮೊದಲಿರಲಿಲ್ಲ.

“ಇಲ್ಲೇ, ಹಿತ್ತಲ ಗ್ವಾಡಿ ಮ್ಯಾಲೆ ಬರ್ತಿತ್ರಿ” ಎಂದರು ತಂಗಿ. “ಅಕ್ಕ ನನಗ ಕರದು ತೋರಸ್ತಿದ್ಲು. ಸಾಲ್ಯಾಗ ಹೇಳಂಗಿಲ್ಲೇನು ಅಂದ್ರ, ಬ್ಯಾಡ, ಸರ್ ಇನ್ನಾ ನೋಡಿಲ್ಲ ಅಂತಿದ್ಲು.”

ಕಟ್ಟಿನ ಕೆಳಗೆ ತೊಂಬತ್ತೇಳರದೂ ಇತ್ತು. ಅದರಲ್ಲಿ ಗುರುತು ಮೂರನೇ ತಾರೀಕಿನ ಮೇಲಿತ್ತು. ಅಂದರೆ ರಜೆಯಲ್ಲಿದ್ದಾಗಲೇ ಅವರು ಹಕ್ಕಿ ಕಂಡಿದ್ದರು. ಆ ಸೋಮವಾರ ಅದನ್ನು ಹೇಳಲೆಂದೇ ಬಂದವರು, ಹಲಗೆಯ ಮೇಲೆ ನನ್ನ ಹೆಸರು ಓದಿ, ಸುದ್ದಿಯನ್ನು ಚೀಲದಲ್ಲೇ ಬಿಟ್ಟು ಹೋಳಿಗೆಯನ್ನಷ್ಟೇ ಹೊರಗೆ ತೆಗೆದಿದ್ದರು.

ಹೊರಡಲು ಎದ್ದಾಗ, ಕಟ್ಟನ್ನು ಮೊಳೆಗೆ ಹಾಕಲು ಹೋದ ತಂಗಿ ಹಿತ್ತಲ ಬಾಗಿಲಲ್ಲೇ ನಿಂತು ನನ್ನನ್ನು ಕರೆದರು. ಗೋಡೆಯ ಮೇಲೆ, ಪಕ್ಕದ ಮನೆಯ ತೊಟ್ಟಿಯಿಂದ ನೀರು ಒಸರುವಲ್ಲಿ ಬೂದು ಸಿಪಿಲೆ ನಡೆದಾಡುತ್ತಿತ್ತು. ಆಕೆ ಬಹಳ ಮೆಲ್ಲಗೆ ಕೇಳಿದರು: “ನೀವು ಈ ವರ್ಷ ನೋಡಿದ್ರ್ಯಾ ಸರ್?”

ನೋಡಿದ್ದೆ. ಅದೇ ಬೆಳಿಗ್ಗೆ ಆರೂ ಹತ್ತಕ್ಕೆ, ಕೋಡಿಯ ಎರಡನೇ ಕಲ್ಲಿನ ಮೇಲೆ. ಸೋಮವಾರ ಹಲಗೆಯ ಮೇಲೆ ಹೇಗೆ ಬರೆಯಬೇಕೆಂದು ಬಸ್ಸಿನಲ್ಲಿ ಯೋಚಿಸುತ್ತಲೇ ಬಂದಿದ್ದೆ.

“ಇಲ್ಲಮ್ಮ” ಎಂದೆ. “ಈ ವರ್ಷದ ಮೊದಲನೇದು ಇದ. ನೀವ ಮೊದಲ ನೋಡಿದವರು.”

ಆಕೆಯ ಮುಖ ಹನ್ನೊಂದು ದಿನದಲ್ಲಿ ಮೊದಲ ಸಲ ಅರಳಿರಬೇಕು. ಆರೂ ಹತ್ತು, ಎರಡನೇ ಕಲ್ಲು ಎಂಬ ಮಾತು ಮಾತ್ರ ನನ್ನ ನಾಲಿಗೆಯ ತುದಿಯಲ್ಲೇ ನಿಂತಿತ್ತು. ಬಸ್ ಸ್ಟ್ಯಾಂಡಿನವರೆಗೂ ಅದನ್ನು ನುಂಗುತ್ತಲೇ ನಡೆದೆ. ಒಂದು ಸಲ ನುಂಗಿದ್ದಕ್ಕೇ ಇಷ್ಟು. ಆ ಹೆಂಗಸು ಅದನ್ನೇ ಏಳು ವರ್ಷ ನುಂಗಿ, ಏಳು ವರ್ಷವೂ ನನ್ನೆದುರು ನಗುತ್ತ ಕೂತಿದ್ದರು. ಅವರ ಮೇಲೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.